ನೆಲಮಹಡಿ ಮತ್ತು ಎರಡು ಅಂತಸ್ತಿನ ಪೇಟಿ

ಭಾಲ್ಕಿ ಪಟ್ಟಣದ ನಿವೃತ್ತ ಪ್ರಥಮ ದರ್ಜೆ ಸಹಾಯಕ ಶ್ರೀ ಮಚ್ಛೇಂದ್ರ ಪಂಢರಿ ಮೆಹಕರೆ ಅವರ ಹಾರ್ಮೋನಿಯಂ ವಾದನವು, ಗಡಿ ತಾಲೂಕುಗಳ ಕಟ್ಟಡ ಪರವಾನಗಿ ಮಂಡಳಿಯ ಕಡತದಲ್ಲಿ, ನೆಲಮಹಡಿ ಮತ್ತು ಎರಡು ಅಂತಸ್ತುಗಳ ಕಟ್ಟಡವೆಂದು ದಾಖಲಾಗಿದೆ. ಇದರಲ್ಲಿ ಬೆರಗುಪಡುವಂಥದ್ದು ಏನೂ ಇಲ್ಲವೆಂದು ಮಂಡಳಿಯೂ, ಓಣಿಯವರೂ, ಸ್ವತಃ ಮಚ್ಛೇಂದ್ರರೂ ಭಾವಿಸಿದ್ದಾರೆ. ಆದರೂ ಪರಊರಿನವರು ನಮ್ಮ ಓಣಿಯ ಬುದ್ಧ ವಿಹಾರದ ಬಾಗಿಲಲ್ಲಿ ಸಾಲಾಗಿ ತೂಗುಹಾಕಿದ ಹಳದಿ ಹೆಲ್ಮೆಟ್ಟುಗಳನ್ನು ನೋಡಿ ಪ್ರಶ್ನೆ ಕೇಳುವುದುಂಟು. ಅವರ ಅವಗಾಹನೆಗಾಗಿ ನಡೆದದ್ದನ್ನು ನಡೆದ ಕ್ರಮದಲ್ಲಿ ಇಲ್ಲಿ ನಮೂದಿಸಲಾಗಿದೆ.

ಮಚ್ಛೇಂದ್ರರು ಅದೇ ಮಂಡಳಿಯಲ್ಲಿ ಮೂವತ್ತಾರು ವರ್ಷ ಕೆಲಸ ಮಾಡಿದವರು. ಅವರ ಕೈಯಿಂದ ಒಂದು ಇಟ್ಟಿಗೆಯೂ ಮೇಲೇರಲಿಲ್ಲ, ಆದರೆ ಭಾಲ್ಕಿಯ ಅರ್ಧ ಮನೆಗಳು ಅವರ ಸಹಿಯ ಮೇಲೆ ನಿಂತಿವೆ. ನಿಯಮಗಳನ್ನು ಬರೆಯುವುದರಲ್ಲಿ ಅವರದು ಎತ್ತಿದ ಕೈ. ನೆರೆಯವನ ಮೇಲೆ ದೂರು ಕೊಟ್ಟು, ಮನೆ ಕಟ್ಟುವವನಿಂದ ಏನಾದರೂ ಕಿತ್ತುಕೊಂಡು, ಆಮೇಲೆ ದೂರು ವಾಪಸು ಪಡೆಯುವ ದಂಧೆ ಹೆಚ್ಚಿದಾಗ ಅದನ್ನು ಮಟ್ಟ ಹಾಕಲು ನಿಯಮ ಹದಿನಾಲ್ಕನ್ನು ಬರೆದವರು ಅವರೇ: "ಒಮ್ಮೆ ಆವಕವಾದ ದೂರನ್ನು ದೂರುದಾರರು ಹಿಂಪಡೆಯುವಂತಿಲ್ಲ. ಸದರಿ ಕಾಮಗಾರಿಯನ್ನು ಸಕ್ರಮಗೊಳಿಸತಕ್ಕದ್ದು, ಇಲ್ಲವೇ ನೆಲಸಮಗೊಳಿಸತಕ್ಕದ್ದು." ಈ ನಿಯಮ ಬರೆದ ದಿನ ಅವರು ಮನೆಗೆ ಅರ್ಧ ಕಿಲೋ ಪೇಢಾ ತಂದಿದ್ದರು.

ನಿವೃತ್ತಿಯ ಮರುದಿನ ತಾಯಿ ಸುಭದ್ರಾಬಾಯಿ ಅವರನ್ನು ಮಂಚದ ಹತ್ತಿರ ಕರೆದರು. ಸುಭದ್ರಾಬಾಯಿಗೆ ಎಂಬತ್ತೆರಡು. ಮೊಣಕಾಲು ಸೋತಿವೆ, ನಾಲಿಗೆ ಸೋತಿಲ್ಲ.

"ಮಚ್ಛಿಂದ್ರ, ಮೂವತ್ತಾರು ವರ್ಷ ಮಂದಿ ಮನಿ ನಕ್ಷಾ ನೋಡಿದಿ. ಇನ್ನರೆ ನಿಮ್ಮಪ್ಪನ ಪೇಟಿ ತೆರದು ನೋಡು."

ನಮ್ಮ ಕಡೆ ಹಾರ್ಮೋನಿಯಮ್ಮಿಗೆ ಪೇಟಿ ಎನ್ನುತ್ತಾರೆ. ಮಚ್ಛೇಂದ್ರರ ತಂದೆ ಪಂಢರಿ, ಮೆಹಕರದಿಂದ ಹೊರಟು ಹಳ್ಳಿ ಹಳ್ಳಿಗೆ ಹೋಗಿ, ಸಾಲಿಗೆ ಹೋಗ್ರಿ, ಅಕ್ಷರ ಕಲಿರಿ ಎಂದು ಹಾಡಿ ಬರುತ್ತಿದ್ದ ಮೇಳದ ಪೇಟಿಯವರು. ಅವರೇ ಕಟ್ಟಿದ ಒಂದು ಹಾಡಿತ್ತು. ನಮ್ಮ ಓಣಿಗಿ ಪಾಟಿ ಬಂತು, ಪಾಟಿ ಮ್ಯಾಲ ಅಕ್ಷರ ಬಂತು, ಎಂದು ಶುರುವಾಗುವುದು; ಪಾಟಿ ಎಂದರೆ ಸ್ಲೇಟು. ಪಂಢರಿ ತೀರಿಕೊಂಡು ನಲವತ್ತು ವರ್ಷವಾಗಿತ್ತು. ಪೇಟಿ ಅಟ್ಟದ ಮೇಲಿತ್ತು.

"ಬರೋ ಬುದ್ಧ ಪೂರ್ಣಿಮಾಕ್ಕ ವಿಹಾರದಾಗ ಆ ಪಾಟಿ ಹಾಡು ನೀ ಬಾರಿಸಬೇಕು. ನಾ ಹೋಗೋದ್ರಾಗ ಒಮ್ಮಿ ಕೇಳಬೇಕು. ಮನ್ಯಾಗ ಅಲ್ಲ. ಮಂದಿ ನಡುವ ಕುಂತು."

"ಆಯಿ, ನನಗ ಸಾ ಅಂದ್ರ ಏನಂತ ಗೊತ್ತಿಲ್ಲ."

"ಆರು ತಿಂಗಳದ ಟೈಮ್ ಅದ. ನಿನ್ನ ಆಫೀಸಿನಾಗ ಆರು ತಿಂಗಳದಾಗ ಒಂದು ಸಹಿ ಆಗ್ತಿತ್ತು. ನೀ ಒಂದು ಹಾಡು ಕಲಿ."

ಮಚ್ಛೇಂದ್ರರು ಕಲಿಯತೊಡಗಿದರು. ಪ್ರತಿ ಗುರುವಾರ ಬಸ್ಸು ಹತ್ತಿ ಬೀದರಿಗೆ ಹೋಗಿ, ಚೌಬಾರಾದ ಹಿಂದಿನ ಗಲ್ಲಿಯಲ್ಲಿ ಪೇಟಿ ರಿಪೇರಿ ಮಾಡುವ ಜುಲ್ಫೀಕಾರ ಉಸ್ತಾದರ ಮುಂದೆ ಕೂತರು. ಉಸ್ತಾದರು ಮೊದಲ ದಿನವೇ ಪೇಟಿ ತೆರೆದು ನೋಡಿ, ನಡುವಿನ ಸಪ್ತಕದಲ್ಲಿ ಕಪ್ಪು ನಾಲ್ಕರ ಪಟ್ಟಿಯೊಳಗಿನ ರೀಡು, ಅಂದರೆ ದನಿ ಹೊರಡಿಸುವ ಹಿತ್ತಾಳೆಯ ಎಸಳು, ಮುರಿದಿದೆ, ಅದೊಂದು ಪಟ್ಟಿ ಒತ್ತಿದರೆ ಬರೀ ಗಾಳಿ ಬರುತ್ತದೆ ಎಂದು ತಿಳಿಸಿದರು. ಉಳಿದ ಪಟ್ಟಿಗಳಿಂದ ಬರುತ್ತಿದ್ದುದೂ ಸಂಗೀತವಲ್ಲವಾದ್ದರಿಂದ ಅದರ ಬಗ್ಗೆ ಇಬ್ಬರೂ ತಲೆ ಕೆಡಿಸಿಕೊಳ್ಳಲಿಲ್ಲ.

ತೊಂದರೆ ಪೇಟಿಯಲ್ಲಿ ಇರಲಿಲ್ಲ, ಬೆರಳಿನಲ್ಲಿತ್ತು. ಮೂವತ್ತಾರು ವರ್ಷ ಕಡತ ತಿರುವಿದ ಅಭ್ಯಾಸಕ್ಕೆ ಮಚ್ಛೇಂದ್ರರು ಪ್ರತಿ ಸ್ವರಕ್ಕೂ ಮೊದಲು ತೋರುಬೆರಳನ್ನು ನಾಲಿಗೆಗೆ ತಾಗಿಸುತ್ತಿದ್ದರು.

"ಸಾಹೇಬ್ರ, ಜರಾ ನಿಲ್ರಿ," ಎಂದರು ಉಸ್ತಾದರು. "ಬೆರಳಿಗಿ ಉಗುಳು ಯಾಕ ಹಚ್ಲತ್ತೀರಿ? ಸಾ ಆದ ಮ್ಯಾಲ ರೀ ತಾನೇ ಬರ್ತದ. ಹಾಳಿ ತಿರುವೋದು ಬ್ಯಾಡ."

"ಅಭ್ಯಾಸ ಆಗ್ಯಾದ್ರಿ ಉಸ್ತಾದ."

"ಮತ್ತ ಪ್ರತಿ ಸಾಲಿಗಿ ನಿಂತು ಯಾರ ಮಾರಿ ನೋಡ್ತೀರಿ?"

ಸಾಲಿನ ಕೊನೆಗೆ ಮೇಲಧಿಕಾರಿಯ ಸಹಿಗಾಗಿ ಕಾಯುವುದು ಕೂಡ ಅಭ್ಯಾಸವೇ ಆಗಿತ್ತು. ಮಚ್ಛೇಂದ್ರರು ನಾಚಿಕೊಂಡರು. ತಮ್ಮಲ್ಲಿ ಸಂಗೀತವಿಲ್ಲ ಎಂಬುದು ಅವರಿಗೆ ಎಲ್ಲರಿಗಿಂತ ಮೊದಲು ತಿಳಿಯಿತು. ಆದರೆ ತಾಯಿ ಅರ್ಜಿ ಕೊಟ್ಟಾಗಿದೆ, ತಾವು ಸ್ವೀಕರಿಸಿಯಾಗಿದೆ.

ಮನೆಯಲ್ಲಿ ದಿನಾಲು ಸಂಜೆ ಐದರಿಂದ ಆರರವರೆಗೆ ರಿಯಾಜು ನಡೆಯಿತು. ಹೆಂಡತಿ ವಿಶಾಖಾ ಸರಿಯಾಗಿ ಐದಕ್ಕೆ ಚೀಲ ಹಿಡಿದು ಬಾಜಾರಕ್ಕೆ ಹೋಗತೊಡಗಿದರು. ತಿಂಗಳೊಳಗೆ ಮನೆಯಲ್ಲಿ ಬದನೆಕಾಯಿ ತಿಂದು ಮುಗಿಯದಷ್ಟಾಯಿತು. ತಾಯಿಯೊಬ್ಬರೇ ಕದಲದೆ ಮಂಚದ ಮೇಲಿದ್ದರು. ಪಾಟಿ ಹಾಡಿನ ಎರಡನೇ ಸಾಲಿನ ಕೊನೆಗೆ, ಪೇಟಿಯಲ್ಲಿ ಬರೀ ಗಾಳಿ ಬರುವ ಆ ಒಂದು ಕಡೆ, ಸುಭದ್ರಾಬಾಯಿ ಪಕ್ಕದ ಸ್ಟೀಲು ಲೋಟಕ್ಕೆ ಬೆರಳು ಮಡಿಸಿ ಬೆರಳಗಣ್ಣಿನಿಂದ ಟಕ್ ಎಂದು ಬಡಿಯುತ್ತಿದ್ದರು. ದಿನಾ ಅಲ್ಲೇ ತಪ್ಪುತ್ತಿದ್ದೇನೆ, ಆಯಿಗೆ ಸಿಟ್ಟು ಬರುತ್ತಿದೆ ಎಂದು ಮಚ್ಛೇಂದ್ರರು ಇನ್ನೂ ಹತ್ತು ಸಲ ಅದನ್ನೇ ಬಾರಿಸುತ್ತಿದ್ದರು. ಹತ್ತು ಸಲವೂ ಟಕ್ ಕೇಳುತ್ತಿತ್ತು.

ಇದನ್ನೆಲ್ಲ ಗೋಡೆಯಾಚೆ ಕೇಳುತ್ತಿದ್ದವರು ಜ್ಞಾನೇಶ್ವರ. ಕುರಿ ಸಾಕುವ ಮನೆತನದವರು. ಸಾಯಗಾಂವದಲ್ಲಿ ಹಿಂಡು ಅಣ್ಣತಮ್ಮಂದಿರಿಗೆ ಬಿಟ್ಟು, ಇಲ್ಲಿ ಮನೆ ಮಾಡಿ ಎರಡು ವರ್ಷವಾಗಿತ್ತು. ಅವರ ಮನೆಯ ಒಂದೇ ಒಂದು ಕಿಡಕಿ ಮಚ್ಛೇಂದ್ರರ ಕಡೆಗೆ ತೆರೆಯುತ್ತದೆ. ಗೋಡೆಯಾಚೆ ದಿನಾ ಒಂದು ತಾಸು ಏನೋ ಕೊಯ್ಯುವ ಸದ್ದು, ನಡುನಡುವೆ ಲೋಹಕ್ಕೆ ಬಡಿಯುವ ಸದ್ದು. ನಿವೃತ್ತಿಯಾದವರು ಮಹಡಿ ಎಬ್ಬಿಸುತ್ತಿದ್ದಾರೆ, ನನ್ನ ಕಿಡಕಿಯ ಬೆಳಕು ಹೋಯಿತು ಎಂದುಕೊಂಡ ಅವರು, ಅನುಮತಿ ಇಲ್ಲದೆ ಕಟ್ಟಡ ಕೆಲಸ ನಡೆದಿದೆಯೆಂದು ಮಂಡಳಿಗೆ ದೂರು ಬರೆದುಕೊಟ್ಟರು. ದೂರು ಮಂಡಳಿಯ ವಹಿಯಲ್ಲಿ ದಾಖಲಾಗಿ ಆವಕವಾಯಿತು.

ವಿಷಯ ತಿಳಿದ ದಿನ ಜ್ಞಾನೇಶ್ವರ ಓಡಿ ಬಂದು ಕೈ ಮುಗಿದರು. "ತಪ್ಪಾತ್ರಿ ಸಾಹೇಬ್ರ. ನನಗ ಫರಸಿ ಕಲ್ಲ ಕೊಯ್ಯೋ ಮಷೀನ ಅನಸ್ತರಿ. ಪೇಟಿ ಅಂತ ಗೊತ್ತಿದ್ರ ನಾ ಯಾಕ ಬರೀತಿದ್ದೆ? ನಾಳಿಗೇ ತಕರಾರ ವಾಪಸ ತಗೋತೇನ್ರಿ."

"ವಾಪಸ ತಗೊಳ್ಳಾಕ ಬರಂಗಿಲ್ರಿ," ಎಂದರು ಮಚ್ಛೇಂದ್ರರು. ಅವರ ದನಿಯಲ್ಲಿ ದುಃಖವಿತ್ತು, ಸ್ವಲ್ಪ ಹೆಮ್ಮೆಯೂ ಇತ್ತು. "ನಿಯಮ ಹದಿನಾಲ್ಕು."

"ಅಂಥಾ ನಿಯಮ ಯಾವ ಪುಣ್ಯಾತ್ಮ ಬರದಾನ್ರಿ?"

ಮಚ್ಛೇಂದ್ರರು ಚಹಾ ತರಿಸಿದರು.

ಎಂಟು ದಿನದಲ್ಲಿ ನೋಟೀಸು ಬಂತು: ಸದರಿ ಸ್ಥಳದಲ್ಲಿ ಬೇರೆ ಕಾಮಗಾರಿ ಕಂಡುಬರದ ಕಾರಣ ಪೇಟಿವಾದನವನ್ನೇ ಕಾಮಗಾರಿಯೆಂದು ಪರಿಗಣಿಸಲಾಗಿದೆ. ಮೂವತ್ತು ದಿನದೊಳಗೆ ಪೇಟಿವಾದನವನ್ನು ಸಕ್ರಮಗೊಳಿಸಿಕೊಳ್ಳದಿದ್ದರೆ ಅದನ್ನು ನೆಲಸಮಗೊಳಿಸಲಾಗುವುದು. ನೆಲಸಮ ಮಾಡುವ ಯಂತ್ರವು ಮನೆಯ ಬಾಗಿಲಲ್ಲಿ ಹಿಡಿಸುವುದಿಲ್ಲವಾದ್ದರಿಂದ ಸದರಿಯವರು ಪೇಟಿಯನ್ನು ತಾವೇ ರಸ್ತೆಗೆ ತಂದು ಇಡತಕ್ಕದ್ದು. ಕೆಳಗೆ ಕಿರಿಯ ಅಭಿಯಂತರರಾದ ಮಲ್ಲೇಶ್ವರಿಯವರ ಸಹಿ ಇತ್ತು. ಮಲ್ಲೇಶ್ವರಿ ಕೆಲಸಕ್ಕೆ ಸೇರಿದಾಗ ಕಡತ ಕಟ್ಟುವುದನ್ನು, ಟಿಪ್ಪಣಿ ಬರೆಯುವುದನ್ನು ಕಲಿಸಿದವರು ಮಚ್ಛೇಂದ್ರರೇ. ನೋಟೀಸಿನಲ್ಲಿ ಒಂದು ಅಲ್ಪವಿರಾಮವೂ ತಪ್ಪಿರಲಿಲ್ಲ. ಹುಡುಗಿ ಚೆನ್ನಾಗಿ ಕಲಿತಿದ್ದಾಳೆ ಎಂದು ಅವರಿಗೆ ಸಂತೋಷವಾಯಿತು. ಆಮೇಲೆ ಮಂಚದ ಕಡೆ ನೋಡಿದರು. ಪೇಟಿ ಹೋದರೆ ತಾಯಿಗೆ ಏನು ಹೇಳುವುದು?

ಸಕ್ರಮಗೊಳಿಸುವ ಅರ್ಜಿಗೆ ನಮೂನೆ ಏಳು. ಅದನ್ನು ರಚಿಸಿದವರೂ ಅವರೇ. ಆದ್ದರಿಂದ ಯಾವ ಅಂಕಣವನ್ನೂ ಖಾಲಿ ಬಿಡಲು ಮನಸ್ಸು ಒಪ್ಪಲಿಲ್ಲ. ಉದ್ದ ಎರಡು ಅಡಿ, ಅಗಲ ಒಂದು ಅಡಿ ಎಂದು ಬರೆದರು. ಮೂರು ಸಪ್ತಕ ಇರುವುದರಿಂದ ನೆಲಮಹಡಿ ಮತ್ತು ಎರಡು ಅಂತಸ್ತು ಎಂದಾಯಿತು. ಪಾಯ ಯಾವುದು ಎಂಬಲ್ಲಿ 'ಸಾ' ಎಂದು ಬರೆದರು. ಗಾಳಿಯ ವ್ಯವಸ್ಥೆ ಏನು ಎಂಬಲ್ಲಿ, ಎಡಗೈಯಿಂದ ಹಾಕಲಾಗುವುದು. ಗುತ್ತಿಗೆದಾರರು ಜುಲ್ಫೀಕಾರ, ಚೌಬಾರಾ, ಬೀದರ. ಕಟ್ಟಡದ ಬಳಕೆ ವಾಸಕ್ಕೋ ವಾಣಿಜ್ಯಕ್ಕೋ ಎಂಬಲ್ಲಿ ಮಾತ್ರ ಪೆನ್ನು ನಿಂತಿತು. ಬಹಳ ಹೊತ್ತು ಯೋಚಿಸಿ 'ತಾಯಿಗೆ' ಎಂದು ಬರೆದರು. ಮಂಡಳಿ ಅದನ್ನು ವಾಸಕ್ಕೆ ಎಂದು ಓದಿಕೊಂಡಿತು.

ನೆರೆಯವರ ಒಪ್ಪಿಗೆ ಪತ್ರವೂ ಬೇಕಿತ್ತು. ದೂರು ಕೊಟ್ಟ ಜ್ಞಾನೇಶ್ವರರೇ ಅದನ್ನೂ ಬರೆದುಕೊಟ್ಟರು: "ನನ್ನ ತಕರಾರು ಇಲ್ಲ. ನನ್ನ ಕಿವಿಗಳ ತಕರಾರಿಗೆ ನಾನು ಜವಾಬ್ದಾರನಲ್ಲ." ಎರಡೂ ಕಾಗದಗಳನ್ನು ಒಂದೇ ಟ್ಯಾಗಿಗೆ ಪೋಣಿಸಲಾಯಿತು.

ಪರವಾನಗಿ ಮಂಜೂರಾಯಿತು. ಅದರ ಷರತ್ತುಗಳು ಮೂರು ಪುಟ ಇದ್ದವು. ಮುಖ್ಯವಾದದ್ದು ಇಷ್ಟು: ವಾಸಯೋಗ್ಯ ಪ್ರಮಾಣಪತ್ರ ಸಿಗುವವರೆಗೆ ಕಟ್ಟಡವನ್ನು ಸಾರ್ವಜನಿಕರು ಬಳಸುವಂತಿಲ್ಲ. ಅಂದರೆ ಪೇಟಿ ಬಾರಿಸಬಹುದು, ಯಾರೂ ಕೇಳುವಂತಿಲ್ಲ. ಕಾಮಗಾರಿ ನಡೆಯುವ ಕೋಣೆಯೊಳಗೆ ಇರುವವರನ್ನು ಕೆಲಸಗಾರರೆಂದು ಪರಿಗಣಿಸಲಾಗುವುದು, ಅವರು ಹೆಲ್ಮೆಟ್ಟು ಧರಿಸತಕ್ಕದ್ದು.

ಈ ಷರತ್ತನ್ನು ಹಾಕುವಲ್ಲಿ ಮಂಡಳಿಗೆ ವಿಶೇಷ ಉತ್ಸಾಹವಿತ್ತು. ಆರು ವರ್ಷದ ಹಿಂದೆ ಯಾರೋ ಒಬ್ಬ ಮೇಲಿನವರ ಭಾವಮೈದುನನಿಂದ ಖರೀದಿಸಿದ ನಾಲ್ಕು ನೂರು ಹಳದಿ ಹೆಲ್ಮೆಟ್ಟುಗಳು ಗೋದಾಮಿನಲ್ಲಿ ಬಿದ್ದಿದ್ದವು. ಭಾಲ್ಕಿಯ ಗೌಂಡಿಗಳು ತಲೆಗೆ ಟವೆಲ್ಲು ಸುತ್ತುವವರು, ಒಬ್ಬರೂ ಅವನ್ನು ಮುಟ್ಟಿರಲಿಲ್ಲ.

ಹೀಗಾಗಿ ಸುಭದ್ರಾಬಾಯಿಗೆ ಒಂದು ಹೆಲ್ಮೆಟ್ಟು ಬಂತು. ಅವರ ಮಂಚ ಪೇಟಿಯಿಂದ ಐದು ಅಡಿ ದೂರದಲ್ಲಿತ್ತು.

"ಇದು ಯಾಕೋ?"

"ಏನರೆ ಮ್ಯಾಲಿಂದ ಬಿದ್ದೀತು ಅಂತ, ಆಯಿ."

"ನಿನ್ನ ಪೇಟಿಯಿಂದ ಏನ್ ಬೀಳ್ತದ?"

"ಸ್ವರ ಬೀಳ್ತಾವ."

"ಅದು ಖರೆ," ಎಂದು ಸುಭದ್ರಾಬಾಯಿ ಸೆರಗನ್ನು ಸರಿಪಡಿಸಿಕೊಂಡು ಹೆಲ್ಮೆಟ್ಟು ಹಾಕಿಕೊಂಡರು. ಅಂದಿನಿಂದ ಅವರು ಲೋಟ ಬಿಟ್ಟು ಹೆಲ್ಮೆಟ್ಟಿಗೇ ಬಡಿಯತೊಡಗಿದರು. ಎರಡನೇ ಸಾಲು, ಗಾಳಿ, ಟಕ್. ಮೊದಲು ಸಿಟ್ಟು ಮಾತ್ರ ಇತ್ತು, ಈಗ ಆಯಿ ತಲೆಯನ್ನೇ ಬಡಿದುಕೊಳ್ಳುತ್ತಿದ್ದಾಳಲ್ಲ ಎಂದು ಮಚ್ಛೇಂದ್ರರು ಒಳಗೊಳಗೇ ಕುಗ್ಗಿದರು.

ಪಾಯದ ತಪಾಸಣೆ ಜನವರಿಯಲ್ಲಿ ನಡೆಯಿತು. ಮಲ್ಲೇಶ್ವರಿಯವರು ಔರಾದ ಶಾಖೆಯವರು, ಭಾಲ್ಕಿ ಅವರಿಗೆ ಹೆಚ್ಚುವರಿ ಪ್ರಭಾರ. ಮಂಗಳವಾರ ಬರಬೇಕು, ಯಾವ ಮಂಗಳವಾರವೂ ಬರಲಾಗುತ್ತಿರಲಿಲ್ಲ. ಕೊನೆಗೆ ಕಟ್ಟಡವನ್ನೇ ಔರಾದಿಗೆ ತಂದು ತೋರಿಸಲು ಅನುಮತಿ ಕೊಡಲಾಯಿತು. ಮಚ್ಛೇಂದ್ರರು ಪೇಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದರು. ತಪಾಸಣೆಗಾಗಿ ತಾನಾಗಿ ಪ್ರಯಾಣ ಮಾಡಿದ ಮೊದಲ ಕಟ್ಟಡ ಇದೆಂದು ಮಂಡಳಿಯ ವಾರ್ಷಿಕ ವರದಿಯಲ್ಲಿ ಮೆಚ್ಚುಗೆಯ ಒಂದು ಸಾಲು ಬಂದಿದೆ.

"ಬರ್ರಿ ಸರ್, ಕೂಡ್ರಿ," ಎಂದು ಮಲ್ಲೇಶ್ವರಿ ಎದ್ದು ನಿಂತರು. ಗುರುಗಳ ಮುಂದೆ ಅವರು ಎಂದೂ ಕೂತವರಲ್ಲ. ನಿಂತುಕೊಂಡೇ ಟೇಪು ಹಿಡಿದು ಪೇಟಿಯನ್ನು ಅಳೆದರು. ಹೆಲ್ಮೆಟ್ಟು ಹಾಕಿಕೊಂಡರು. "ಈಗ ಪಾಯ ತೋರಸ್ರಿ."

ಮಚ್ಛೇಂದ್ರರು ಬೆರಳನ್ನು ನಾಲಿಗೆಗೆ ತಾಗಿಸಿ ಸಾ ಹಿಡಿದರು. ಮಲ್ಲೇಶ್ವರಿ ಕಣ್ಣು ಮುಚ್ಚಿ ಒಂದು ನಿಮಿಷ ಕೇಳಿ, "ಪಾಯ ಗಟ್ಟಿ ಅದರಿ ಸರ್. ಜರಾ ತೇವ ಅದ," ಎಂದು ಬರೆದುಕೊಂಡರು.

ಫೆಬ್ರುವರಿಯಲ್ಲಿ ಕಿಡಕಿಯ ಮಟ್ಟ, ಅಂದರೆ ಹಾಡಿನ ಮೊದಲ ಸಾಲು ಪಾಸಾಯಿತು. ಮಾರ್ಚಿನಲ್ಲಿ ಸ್ಲ್ಯಾಬು. ಸ್ಲ್ಯಾಬು ಹಾಕಿದ ಮೇಲೆ ಇಪ್ಪತ್ತೊಂದು ದಿನ ಏನನ್ನೂ ಮುಟ್ಟದೆ, ಬೆಳಿಗ್ಗೆ ಸಂಜೆ ನೀರು ಹೊಡೆಯಬೇಕೆಂಬ ನಿಯಮವಿದೆ. ಮಚ್ಛೇಂದ್ರರು ಇಪ್ಪತ್ತೊಂದು ದಿನ ಪೇಟಿ ಮುಟ್ಟಲಿಲ್ಲ. ಪೇಟಿಯ ಗವಸಣಿಗೆಗೆ ದಿನಕ್ಕೆರಡು ಸಲ ಬೆರಳಿನಿಂದ ನೀರು ಚಿಮುಕಿಸಿದರು.

"ನೀರ ಹೊಡದ್ರ ಸ್ವರ ಚಿಗೀತಾವೇನೋ?" ಎಂದು ತಾಯಿ ಕೇಳಿದರು.

ಓಣಿಗೆ ಆ ಇಪ್ಪತ್ತೊಂದು ದಿನ ನೆಮ್ಮದಿಯಾಗಿತ್ತು. ವಿಶಾಖಾ ಬಾಜಾರಕ್ಕೆ ಹೋಗಲಿಲ್ಲ. ಜ್ಞಾನೇಶ್ವರ ಕಿಡಕಿ ತೆರೆದರು. ಸ್ಲ್ಯಾಬುಗಳನ್ನು ಇನ್ನಷ್ಟು ಹಾಕಲು ಬರುತ್ತದೆಯೇ ಎಂದು ಕೆಲವರು ಮಂಡಳಿಯಲ್ಲಿ ವಿಚಾರಿಸಿದ್ದೂ ಉಂಟು.

ಏಪ್ರಿಲ್ ಕೊನೆಯ ವಾರ ಅಂತಿಮ ತಪಾಸಣೆ. ಪೂರ್ಣಿಮೆಗೆ ಹದಿನೈದು ದಿನ ಉಳಿದಿತ್ತು. ಈ ಸಲ ಮಲ್ಲೇಶ್ವರಿಯವರೇ ಭಾಲ್ಕಿಗೆ ಬಂದರು. ಮಚ್ಛೇಂದ್ರರು ಹಾಡನ್ನು ಪೂರ್ತಿ ಬಾರಿಸಿದರು. ಎಲ್ಲಿಯೂ ನಿಲ್ಲಲಿಲ್ಲ, ಯಾರ ಸಹಿಗೂ ಕಾಯಲಿಲ್ಲ. ಎರಡನೇ ಸಾಲಿನ ಕೊನೆಗೆ ಗಾಳಿ ಬಂತು, ಮಂಚದಿಂದ ಟಕ್ ಬಂತು.

ಮಲ್ಲೇಶ್ವರಿ ಪೆನ್ನು ಕೆಳಗಿಟ್ಟರು. "ಸರ್, ಮೊದಲ ಅಂತಸ್ತಿನೊಳಗ ಒಂದು ಕಂಬ ಇಲ್ರಿ."

"ಹಳೇ ಪೇಟಿ ಅದವ್ವಾ. ಆ ಒಂದು ರೀಡು ಮುರದದ."

"ನೀವೇ ಹೇಳ್ತಿದ್ರಿ ಸರ್. ಕಂಬ ಇಲ್ಲಾರದ ಮನಿಗಿ ಸಹಿ ಮಾಡಿದ್ರ, ಬಿದ್ದಾಗ ಸಹಿ ಮಾಡಿದವರ ಕೈ ಮ್ಯಾಲೇ ಬೀಳ್ತದ ಅಂತ."

ಅವರು ಹಾಗೆ ಹೇಳುತ್ತಿದ್ದುದು ನಿಜ. ಮಚ್ಛೇಂದ್ರರು ಮರುದಿನವೇ ಬೀದರಿಗೆ ಹೋದರು. ಜುಲ್ಫೀಕಾರ ಉಸ್ತಾದರು ಹಳೆಯ ಡಬ್ಬಿಯೊಂದರಲ್ಲಿ ಕೈಯಾಡಿಸಿ, ಹಿತ್ತಾಳೆಯ ಒಂದು ರೀಡು ಹುಡುಕಿ, ಅರದಿಂದ ಕೆರೆದು ಶ್ರುತಿಗೆ ತಂದು ಕೂಡಿಸಿದರು. ಕಪ್ಪು ನಾಲ್ಕರ ಪಟ್ಟಿ ಒತ್ತಿದರೆ ಈಗ ಸ್ವರ ಬಂತು. ಸ್ವಚ್ಛವಾದ ಸ್ವರ. ಹಾಡು ಮೊದಲಿನಿಂದ ಕೊನೆಯವರೆಗೆ ಎಲ್ಲಿಯೂ ತೂತಿಲ್ಲದೆ ನಡೆಯಿತು.

"ಈಗ ನೋಡ್ರಿ," ಎಂದರು ಉಸ್ತಾದರು. "ಬರಾಬರ ಆತು."

ಮಲ್ಲೇಶ್ವರಿ ಮತ್ತೊಮ್ಮೆ ಕೇಳಿ ವಾಸಯೋಗ್ಯ ಪ್ರಮಾಣಪತ್ರಕ್ಕೆ ಸಹಿ ಹಾಕಿದರು. ಗುರುಗಳ ಕೈಗೆ ಕೊಡುವಾಗ ಅವರ ಕಣ್ಣಲ್ಲಿ ನೀರಿತ್ತು. ಅರ್ಜಿ ಕೊಟ್ಟು ಐದು ತಿಂಗಳೊಳಗೆ ಈ ಪತ್ರ ಪಡೆದವರು ಮಂಡಳಿಯ ಇತಿಹಾಸದಲ್ಲಿ ಬೇರೆ ಯಾರೂ ಇರಲಿಲ್ಲ. ಜ್ಞಾನೇಶ್ವರ ಪೇಢಾ ತಂದರು.

ಆ ಸಂಜೆ ಸುಭದ್ರಾಬಾಯಿ ಹೆಲ್ಮೆಟ್ಟಿಲ್ಲದೆ ಕೂತರು. ವಿಶಾಖಾ ಕೂಡ ಚೀಲ ಬದಿಗಿಟ್ಟು ಕೇಳಲು ಕೂತರು. ಮಚ್ಛೇಂದ್ರರು ಬಾರಿಸಿದರು. ಮೊದಲ ಸಾಲು, ಎರಡನೇ ಸಾಲು. ಟಕ್ ಬರಲಿಲ್ಲ. ಕೊನೆಯವರೆಗೂ ಬರಲಿಲ್ಲ. ಆರು ತಿಂಗಳಲ್ಲಿ ಮೊದಲ ಸಲ ತಪ್ಪಿಲ್ಲದೆ ಬಾರಿಸಿದೆ ಎಂದು ಅವರ ಎದೆ ತುಂಬಿ ಬಂತು. ಅರವತ್ತು ದಾಟಿದ ಮನುಷ್ಯ ಸಣ್ಣ ಹುಡುಗನ ಹಾಗೆ ತಾಯಿಯ ಮುಖ ನೋಡಿದರು.

"ಆಯಿ, ಇವತ್ತ ನೀ ತಲಿ ಬಡ್ಕೊಳ್ಳಿಲ್ಲ. ತಪ್ಪಿಲ್ಲ, ಹೌದಲ್ಲ?"

"ತಪ್ಪಿಲ್ಲೋ. ಛಲೋ ಬಾರ್ಸಿದಿ." ಸುಭದ್ರಾಬಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. "ಖರೆ, ನಿಮ್ಮಪ್ಪ ಎಲ್ಲಿ?"

"ಅಪ್ಪ?"

"ಅಲ್ಲಿ ನಿಮ್ಮಪ್ಪ ಬಡೀತಿದ್ದ."

ಆಗ ಸುಭದ್ರಾಬಾಯಿ ಹೇಳಿದರು. ಮದುವೆಗೆ ಮೊದಲು ಒಂದು ಸಲ, ಸುಭದ್ರಾಬಾಯಿಯ ತವರೂರು ಕಮಠಾಣಕ್ಕೆ ಮೇಳದವರು ಹೊರಟಾಗ ಪೇಟಿ ಬಸ್ಸಿನ ಮೇಲಿನಿಂದ ಬಿದ್ದು ಆ ರೀಡು ಮುರಿಯಿತು. ಹಾಡು ಅಲ್ಲಿಗೆ ಬಂದಾಗ ಸ್ವರವಿಲ್ಲ. ಪಂಢರಿಗೆ ಏನು ಮಾಡಬೇಕೋ ತೋಚಲಿಲ್ಲ, ಪೇಟಿಯ ಹಲಗೆಗೆ ಬೆರಳಗಣ್ಣಿನಿಂದ ಬಡಿದರು. ಮಂದಿ ಅದನ್ನು ಮಾಸ್ತರು ಪಾಟಿಗೆ ಬಡಿಯುವ ಸದ್ದು ಎಂದುಕೊಂಡರು.

"ನಾವು ಹೊಸಾ ಪಾಟಿ ಹಿಡಕೊಂಡು ಕುಂತಿದ್ವಿ, ಹತ್ತು ಹದಿನೈದು ಹೆಣ್ಮಕ್ಕಳು. ಅವ ಬಡದಾಗ ನಾನೂ ನನ್ನ ಪಾಟಿಗಿ ಬಡದೆ. ಎಲ್ಲಾರಕಿಂತ ಮೊದಲು ನಾನೇ. ನಿಮ್ಮಪ್ಪ ತಲಿ ಎತ್ತಿ ನೋಡಿದ, ಯಾರು ಬಡದಾರಂತ." ಬೆರಳಿಗೆ ಸುತ್ತಿದ ಸೆರಗನ್ನು ಬಿಚ್ಚಿದರು. "ಆಮ್ಯಾಲ ಅವ ಆ ರೀಡು ರಿಪೇರಿ ಮಾಡಸ್ಲೇ ಇಲ್ಲ. ಕೇಳಿದ್ರ, ರೊಕ್ಕಿಲ್ಲ ಅಂತಿದ್ದ. ಸುಳ್ಳ ಹೇಳ್ತಿದ್ದ."

ಮಚ್ಛೇಂದ್ರರು ಕಪ್ಪು ನಾಲ್ಕರ ಪಟ್ಟಿಯ ಮೇಲೆ ಬೆರಳಿಟ್ಟರು. ಆರು ತಿಂಗಳು ತಾಯಿ ತಮ್ಮ ತಪ್ಪು ಎಣಿಸುತ್ತಿದ್ದಾಳೆ ಎಂದುಕೊಂಡಿದ್ದರು. ಅವಳು ಜೊತೆಗೆ ಬಾರಿಸುತ್ತಿದ್ದಳು. ಇಬ್ಬರೂ ಕೂಡಿ ದಿನಾ ಅಪ್ಪನ ಹಾಡನ್ನು ಸರಿಯಾಗಿಯೇ ಬಾರಿಸಿದ್ದರು, ಅದು ತಿಳಿಯದವರು ತಾವೊಬ್ಬರೇ. ಮೂವತ್ತಾರು ವರ್ಷ ಖಾಲಿ ಅಂಕಣ ಕಂಡಲ್ಲೆಲ್ಲ ತುಂಬಿಸಿ ತುಂಬಿಸಿ, ಕೊನೆಗೆ ಅಪ್ಪ ಬೇಕೆಂದೇ ಖಾಲಿ ಬಿಟ್ಟ ಒಂದು ಜಾಗವನ್ನೂ ತುಂಬಿಸಿ ಬಂದಿದ್ದರು. ಅವರಿಗೆ ತಮ್ಮ ಮೇಲೇ ನಗು ಬಂತು, ನಗುವಿನ ಹಿಂದೆಯೇ ಅಳುವೂ ಬಂತು.

ಮರುದಿನ ಮೊದಲ ಬಸ್ಸಿಗೆ ಬೀದರ.

"ತೆಗಿಬೇಕಾ?" ಎಂದು ಜುಲ್ಫೀಕಾರ ಉಸ್ತಾದರು ಕನ್ನಡಕ ಮೇಲೇರಿಸಿದರು. "ಸಾಹೇಬ್ರ, ರೀಡು ಹಾಕ್ರಿ ಅಂತ ಬರೋ ಮಂದಿನ್ನ ನೋಡೇನಿ. ಕೂಡಿಸಿದ್ದನ್ನ ಕೀಳ್ರಿ ಅಂತ ಬಂದವರು ನೀವೇ ಮೊದಲು."

"ತೆಗೀರಿ ಉಸ್ತಾದ. ಅದು ನಮ್ಮಪ್ಪನ ಜಾಗಾ."

ಉಸ್ತಾದರು ಮತ್ತೇನೂ ಕೇಳದೆ ರೀಡು ಬಿಚ್ಚಿ ಮಚ್ಛೇಂದ್ರರ ಅಂಗಿಯ ಕಿಸೆಗೆ ಹಾಕಿದರು.

ಬೇರೆ ಯಾರಾದರೂ ಆಗಿದ್ದರೆ ಪ್ರಮಾಣಪತ್ರವನ್ನು ಜೋಪಾನ ಮಾಡಿ, ಬಾಯಿ ಮುಚ್ಚಿಕೊಂಡು, ಪೂರ್ಣಿಮೆಗೆ ಬಾರಿಸಿ ಬರುತ್ತಿದ್ದರು. ಮಚ್ಛೇಂದ್ರರಿಗೆ ಅದು ಸಾಧ್ಯವಿರಲಿಲ್ಲ. ಮಂಜೂರಾದ ಕಟ್ಟಡದಿಂದ ಕಂಬ ತೆಗೆದರೆ ಮೂರು ದಿನದೊಳಗೆ ತಿಳಿಸತಕ್ಕದ್ದು ಎಂಬ ನಿಯಮವಿತ್ತು. ಯಾರು ಬರೆದದ್ದೆಂದು ಬೇರೆ ಹೇಳಬೇಕಾಗಿಲ್ಲ. ಅವರು ಬೀದರಿನಿಂದ ನೇರ ಔರಾದಿಗೆ ಹೋಗಿ ಪ್ರಮಾಣಪತ್ರವನ್ನು ಮಲ್ಲೇಶ್ವರಿಯ ಮೇಜಿನ ಮೇಲಿಟ್ಟರು.

"ಸರ್, ಮುಗಿದ ಮನಿನ್ನ ಯಾರರೆ ಮತ್ತ ಅರ್ಧಾ ಮಾಡ್ತಾರೇನ್ರಿ?"

"ನಾ ಮಾಡೇನಿ."

"ಪತ್ರ ವಾಪಸ ಕೊಡೋದಕ್ಕ ನಮೂನೆನೇ ಇಲ್ರಿ."

ಮಚ್ಛೇಂದ್ರರು ಒಂದು ಬಿಳಿ ಹಾಳೆ ಕೇಳಿ ಪಡೆದು, ಬೆರಳನ್ನು ನಾಲಿಗೆಗೆ ತಾಗಿಸಿ, ಅಲ್ಲೇ ಕೂತು ಒಂದು ನಮೂನೆ ರಚಿಸಿದರು. ಕಾರಣ ಎಂಬ ಅಂಕಣವನ್ನು ಮಾತ್ರ ಬರೆಯದೆ ಬಿಟ್ಟರು. ಅವರ ಬದುಕಿನಲ್ಲಿ ಖಾಲಿ ಬಿಟ್ಟ ಮೊದಲ ಅಂಕಣ ಅದು. ಮಲ್ಲೇಶ್ವರಿ ಆ ಖಾಲಿ ಜಾಗವನ್ನು ಬಹಳ ಹೊತ್ತು ನೋಡಿದರು, ಆಮೇಲೆ ಗುರುಗಳನ್ನು ನೋಡಿದರು, ಆಮೇಲೆ ಅರ್ಜಿಯನ್ನು ಆವಕ ಮಾಡಿಕೊಂಡರು.

"ಈಗ ಕಾಮಗಾರಿ ಪ್ರಗತಿಯಲ್ಲಿದೆ ಅಂತ ಆಗ್ತದರಿ. ಪೂರ್ಣಿಮಾಕ್ಕ ಸಾರ್ವಜನಿಕರು ಕೇಳಂಗಿಲ್ಲ."

"ಕೆಲಸಗಾರರು ಕೇಳಬಹುದಲ್ಲ?"

ಮಲ್ಲೇಶ್ವರಿ ಪುಸ್ತಕ ತೆಗೆದು ನೋಡಿದರು. ಕೆಲಸಗಾರರ ಸಂಖ್ಯೆಗೆ ಮಿತಿ ಇರಲಿಲ್ಲ. ಗೋದಾಮಿನಲ್ಲಿ ಮುನ್ನೂರ ತೊಂಬತ್ತೊಂಬತ್ತು ಹೆಲ್ಮೆಟ್ಟುಗಳಿದ್ದವು.

ಪೂರ್ಣಿಮೆಯ ಬೆಳಿಗ್ಗೆ ವಿಹಾರದ ಬಾಗಿಲಲ್ಲಿ ಒಂದು ಪ್ರಕಟಣೆ ಅಂಟಿಸಲಾಗಿತ್ತು: "ಒಳಗೆ ಹಾಡಿನ ಕಾಮಗಾರಿ ಪ್ರಗತಿಯಲ್ಲಿದೆ. ಕೇಳುವವರು ತಮ್ಮ ಸ್ವಂತ ಜವಾಬ್ದಾರಿಯ ಮೇಲೆ ಪ್ರವೇಶಿಸತಕ್ಕದ್ದು." ಬಿಳಿ ಸೀರೆ, ಬಿಳಿ ಅಂಗಿಯ ಮಂದಿ ಸಾಲಾಗಿ ಬಂದು, ಚಪ್ಪಲಿ ಬಿಟ್ಟು, ಹೆಲ್ಮೆಟ್ಟು ತೆಗೆದುಕೊಂಡು ಒಳಗೆ ಕೂತರು. ಯಾರೂ ಏನೂ ಕೇಳಲಿಲ್ಲ. ಸರಕಾರ ಏನಾದರೂ ಕೊಡುತ್ತಿದ್ದರೆ ಮೊದಲು ತೆಗೆದುಕೊಳ್ಳಬೇಕು, ಆಮೇಲೆ ವಿಚಾರಿಸಬೇಕು ಎಂಬುದು ಎಲ್ಲರಿಗೂ ಗೊತ್ತಿತ್ತು. ಜ್ಞಾನೇಶ್ವರ ಮನೆಮಂದಿಯೊಂದಿಗೆ ಬಂದರು. ಉಸ್ತಾದರು ಬೀದರಿನಿಂದ ಬಂದು ಟೋಪಿಯ ಮೇಲೆ ಹೆಲ್ಮೆಟ್ಟು ಕೂಡಿಸಿಕೊಂಡರು. ಬುದ್ಧ ವಂದನೆ ಮುಗಿಯಿತು. ಸುಭದ್ರಾಬಾಯಿಯನ್ನು ಕುರ್ಚಿಯಲ್ಲಿ ಹೊತ್ತು ತಂದು ಮಂದಿಯ ನಡುವೆ ಕೂಡಿಸಿದರು. ಮಲ್ಲೇಶ್ವರಿ ಕಡತ ಹಿಡಿದು ಗೋಡೆಗೆ ಒರಗಿ ನಿಂತರು.

ಮಚ್ಛೇಂದ್ರರು ಬೆರಳನ್ನು ನಾಲಿಗೆಗೆ ತಾಗಿಸಿ ಶುರು ಮಾಡಿದರು. ಮೊದಲ ಸಾಲಿನಲ್ಲಿ ಎರಡು ಕಡೆ ತಪ್ಪಿತು. ಎರಡನೇ ಸಾಲು ಬಂತು, ಬೆರಳು ಕಪ್ಪು ನಾಲ್ಕಕ್ಕೆ ಹೋಯಿತು, ಗಾಳಿ ಬಂತು.

ಸುಭದ್ರಾಬಾಯಿ ಹೆಲ್ಮೆಟ್ಟಿಗೆ ಬಡಿದರು. ಟಕ್.

ಮಂದಿ ತಿರುಗಿ ನೋಡಿದರು. ಪೇಟಿಯ ಹಿಂದಿನಿಂದ ಮಚ್ಛೇಂದ್ರರೂ ತಲೆ ಎತ್ತಿ ನೋಡಿದರು, ಯಾರು ಬಡಿದರೆಂದು ತಿಳಿದಿದ್ದರೂ. ಮುದುಕಿಯ ಮುಖದಲ್ಲಿ ಹದಿನಾರರ ಹುಡುಗಿಯ ನಾಚಿಕೆ ಇತ್ತು. ಹಾಡು ಎರಡನೇ ಸುತ್ತಿಗೆ ಅಲ್ಲಿಗೆ ಬಂದಾಗ ಮುಂದಿನ ಸಾಲಿನ ಹೆಂಗಸರು ಬಡಿದರು. ಮೂರನೇ ಸುತ್ತಿಗೆ ಇಡೀ ವಿಹಾರ ಬಡಿಯಿತು. ಮುನ್ನೂರು ಬೆರಳಗಣ್ಣು, ಮುನ್ನೂರು ಹೆಲ್ಮೆಟ್ಟು, ಒಂದೇ ಟಕ್. ಜ್ಞಾನೇಶ್ವರರದು ಮಾತ್ರ ಅರ್ಧ ಕ್ಷಣ ತಡವಾಗಿ ಬಂತು.

ಮಲ್ಲೇಶ್ವರಿ ಕಡತ ಬಿಡಿಸಿ ಅಂದಿನ ತಪಾಸಣಾ ಟಿಪ್ಪಣಿ ಬರೆದರು: "ಮೊದಲ ಅಂತಸ್ತಿನಲ್ಲಿ ಕಂಬ ಇರುವುದಿಲ್ಲ. ಭಾರ ಹೊತ್ತಿದೆ."

ಆ ಟಿಪ್ಪಣಿಯ ಆಧಾರದ ಮೇಲೆ ಪರವಾನಗಿಯನ್ನು ವರ್ಷಕ್ಕೊಮ್ಮೆ ನವೀಕರಿಸಲಾಗುತ್ತಿದೆ. ಕಾಮಗಾರಿ ಮುಗಿಸುವ ಗಡುವನ್ನು ಮಂಡಳಿ ಕೇಳಿಲ್ಲ, ಮಚ್ಛೇಂದ್ರರು ಹೇಳಿಲ್ಲ. ಅವರ ವಾದನವೂ ಮುಗಿದ ಕಟ್ಟಡದ ಹಾಗೆ ಕೇಳಿಸುವುದಿಲ್ಲವಾದ್ದರಿಂದ ಯಾರಿಗೂ ಆಕ್ಷೇಪವಿಲ್ಲ. ಈಗ ಭಾಲ್ಕಿಯಲ್ಲಿ ತಬಲಾ ಕಲಿಯುವ ಇಬ್ಬರು ಮತ್ತು ಕೊಳಲು ಕಲಿಯುವ ಒಬ್ಬ ಶಿಕ್ಷಕರು ತಾವಾಗಿಯೇ ನಮೂನೆ ಏಳನ್ನು ತುಂಬಿ ಕೊಟ್ಟಿದ್ದಾರೆ. ಕೊಳಲಿನದು ಕೊಳವೆಬಾವಿಯ ಅಡಿ ಬರುತ್ತದೆಯೇ ಎಂಬುದು ಪರಿಶೀಲನೆಯಲ್ಲಿದೆ.

ಸುಭದ್ರಾಬಾಯಿಯವರ ಹೆಲ್ಮೆಟ್ಟಿನ ಬಲಗಡೆ, ಬೆರಳಗಣ್ಣು ತಾಗುವಷ್ಟು ಜಾಗದಲ್ಲಿ, ಹಳದಿ ಬಣ್ಣ ಪೂರ್ತಿ ಕಿತ್ತುಹೋಗಿದೆ. ಬದಲಿಸಿ ಹೊಸದು ಕೊಡಲು ಮಂಡಳಿ ಸಿದ್ಧವಿದೆ. ಅವರು ಇನ್ನೂ ಅರ್ಜಿ ಹಾಕಿಲ್ಲ.